ಕೋರ್ಟಿನ ದಿನ ಬಳೆ ತೆಗೆಯುತ್ತಿದ್ದ ಟೀಚರಮ್ಮ

ಗಂಡ ಗುಂಡುಕಲ್ಲಿನ ಹಾಗೆ ಬದುಕಿರುವಾಗ ಹೆಂಗಸೊಬ್ಬಳು ಹಾಡಹಗಲಲ್ಲಿ, ನಾಲ್ಕು ಜನರ ಎದುರಿಗೆ, ಎರಡೂ ಕೈಯ ಬಳೆ ತೆಗೆದು ಕರ್ಚೀಫಿನಲ್ಲಿ ಗಂಟು ಕಟ್ಟುವುದನ್ನು ನಾನು ನೋಡಿದ್ದು ಅದೇ ಮೊದಲು. ಶಿವಮೊಗ್ಗದ ಕೋರ್ಟಿನ ಜಗಲಿ. ಸುತ್ತ ಕರಿ ಕೋಟಿನವರು, ಕೇಸಿನವರು, ಟೀ ಮಾರುವವರು. ಸುಲೋಚನಾ ಟೀಚರ್ ಕಂಬಕ್ಕೆ ಒರಗಿ, ಅಂಗೈ ಕಿರಿದು ಮಾಡಿ, ಗಾಜಿನ ಬಳೆಗಳನ್ನು ಒಡೆಯದ ಹಾಗೆ ಒಂದೊಂದಾಗಿ ಜಾರಿಸಿದರು. ಮುಡಿದಿದ್ದ ಹೂವನ್ನೂ ತೆಗೆದರು. ಉಟ್ಟದ್ದು ಒಂದು ಚುಕ್ಕೆಯೂ ಇಲ್ಲದ ಕಡುನೀಲಿ ಸೀರೆ.

ನನಗೆ ಸುಮ್ಮನಿರಲಾಗಲಿಲ್ಲ. “ಏನ್ ಟೀಚರಮ್ಮ, ಮನೇಲಿ ಯಜಮಾನ್ರು ಚೆನ್ನಾಗಿದಾರೆ ತಾನೆ?” ಎಂದೆ.

“ಬೆಳಿಗ್ಗೆ ಹಿಟ್ಟು ಖಾಲಿ ಆಗೋ ತನಕ ದೋಸೆ ತಿಂದಿದಾರೆ. ಅವರಿಗೇನಾಗಿದೆ?” ಎಂದರು. “ಬಳೆ ಹೊಳೆಯುತ್ತೆ ಗಿರಿಜಮ್ಮ, ಸದ್ದೂ ಮಾಡುತ್ತೆ. ನಿಮ್ಮ ಮಗಳು ನನ್ನ ಕೈ ನೋಡ್ಬೇಕು. ಜಡ್ಜು ನನ್ನ ಮಾತು ಕೇಳ್ಬೇಕು. ಮಧ್ಯ ಈ ಬಳೆಗೇನು ಕೆಲಸ?”

ನನ್ನ ಮಗಳು ರತ್ನಳಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಸುಲೋಚನಾ ಟೀಚರ್ ಕೋರ್ಟಿನಲ್ಲಿ ಅವಳಿಗೆ ದುಭಾಷಿ. ಅಂದರೆ ಜಡ್ಜೂ ವಕೀಲರೂ ಆಡಿದ್ದನ್ನು ಕೈಯಲ್ಲಿ ಅವಳಿಗೆ ಹೇಳುವುದು, ಅವಳು ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಅವರಿಗೆ ಹೇಳುವುದು. ಇಷ್ಟೇ ತಾನೆ, ಇದರಲ್ಲೇನಿದೆ ಎಂದು ನಾನೂ ಅಂದುಕೊಂಡಿದ್ದೆ.

ಟೀಚರ್ ಶಿವಮೊಗ್ಗದ ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಎತ್ತರದ ಆಳು, ಉದ್ದ ಬೆರಳು. ಹುಬ್ಬು, ತುಟಿ, ಕೆನ್ನೆ ಒಂದೊಂದೂ ಬೇರೆ ಬೇರೆ ಸಂಬಳಕ್ಕೆ ದುಡಿಯುವ ಹಾಗೆ ಕೆಲಸ ಮಾಡುತ್ತಿದ್ದವು. ಎದುರಿಗಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರೆ ಅವರಿಗೆ ಆಗುತ್ತಿರಲಿಲ್ಲ. “ಕೈ ತೆಗೀರಿ, ಒಳಗೇನು ಬಂಗಾರದ ಹಲ್ಲಿದೆಯಾ?” ಎನ್ನುತ್ತಿದ್ದರು. ನನ್ನ ಎಲೆ ಅಡಿಕೆಯ ಮೇಲೂ ಅವರಿಗೆ ಸಿಟ್ಟು. “ಬಾಯ್ತುಂಬ ತುಂಬ್ಕೊಂಡು ಮಾತಾಡಿದ್ರೆ ಪಾಪ ಆ ಹುಡುಗಿ ತುಟಿ ಹೆಂಗೆ ಓದ್ಬೇಕು ಮಾರಾಯ್ತಿ? ಉಗಿದು ಬನ್ನಿ ಹೋಗಿ.” ನನಗೆ ಹಾಗೆ ಹೇಳಿದವರು ನನ್ನ ಅತ್ತೆಯನ್ನು ಬಿಟ್ಟರೆ ಅವರೊಬ್ಬರೇ.

ಕೇಸಿನ ವಿಷಯ ಹೇಳಿಬಿಡುತ್ತೇನೆ. ನನ್ನ ಗಂಡನಿಗೆ ಭದ್ರಾವತಿಯ ಕಾಗದದ ಮಿಲ್ಲಿನಲ್ಲಿ ಕೆಲಸ, ಕಾಗದನಗರದಲ್ಲಿ ಕ್ವಾರ್ಟರ್ಸು. ರತ್ನ ತೊಟ್ಟಿಲಲ್ಲಿರುವಾಗ ಜ್ವರ ಬಂದು ಕಿವಿ ಹೋಯಿತು. ಶಾಲೆಗೆ ಸ್ವಲ್ಪ ದಿನ ಹೋದಳು, ಬಿಟ್ಟಳು. ನನಗೂ ಅವಳಿಗೂ ನಮ್ಮದೇ ಸನ್ನೆ, ಅದರಲ್ಲೇ ದೊಡ್ಡವಳಾದಳು. ಶಿವಮೊಗ್ಗದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನ ವೆಲ್ಡರ್ ಒಬ್ಬ ನೋಡಿ ಒಪ್ಪಿ ಮದುವೆಯಾದ. ಒಳ್ಳೆಯ ಹುಡುಗ. ಹೆಣ್ಣುಮಗು ಹುಟ್ಟಿತು, ಮಂಜುಳ. ಮಗುವಿಗೆ ಎರಡು ವರ್ಷ ತುಂಬಿ ಸ್ವಲ್ಪ ದಿನಕ್ಕೆ ಕಾಮಾಲೆ ಬಂದು ಅವನು ಹೋಗಿಬಿಟ್ಟ. ಕರ್ಮಾಂತರ ಮುಗಿಸಿಕೊಂಡು ನಾವು ರತ್ನಳನ್ನು ಕರೆದುಕೊಂಡು ಹೊರಟಾಗ ಅವಳ ಅತ್ತೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು. “ಮಗು ಇಲ್ಲೇ ಇರ್ಲಿ. ಅತ್ತರೆ ಕೇಳ್ಸಲ್ಲ, ಬಿದ್ರೆ ಕೇಳ್ಸಲ್ಲ, ಅವಳೇನು ಸಾಕ್ತಾಳೆ?” ಎಂದಳು. ಊರಿನ ಹಿರಿಯರು ಹೋಗಿ ಹೇಳಿದರೂ ಕೊಡಲಿಲ್ಲ. ಕೋರ್ಟಿಗೆ ಹಾಕಿದೆವು. ಮಗು ತಾಯಿಗೋ ಅಜ್ಜಿಗೋ, ಇದಿಷ್ಟೇ ಕೇಸು.

ಮೊದಲು ದುಭಾಷಿ ಇರಲಿಲ್ಲ. ನಾನೇ ಇದ್ದೆ. ಹೆತ್ತ ತಾಯಿಗಿಂತ ಅವಳ ಸನ್ನೆ ಯಾರಿಗೆ ಗೊತ್ತು ಎಂದು ನಮ್ಮ ವಕೀಲರು ನನ್ನನ್ನು ರತ್ನಳ ಪಕ್ಕ ನಿಲ್ಲಿಸಿದರು. ಮಗು ಇಷ್ಟು ದಿನ ಯಾರ ಕೈಯಲ್ಲಿ ಬೆಳೆಯಿತು ಎಂದು ಜಡ್ಜು ಕೇಳಿದರು. ನಾನು ರತ್ನಳಿಗೆ ಸನ್ನೆ ಮಾಡಿದೆ. ಅವಳು ಕೆನ್ನೆಯಲ್ಲಿ ಗುಳಿ ಬೀಳುವ ಜಾಗ ಮುಟ್ಟಿದಳು, ಎದೆ ಮುಟ್ಟಿಕೊಂಡಳು. ಮಗುವಿನ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಅದಕ್ಕೆ ಗುಳಿ ಎಂದರೆ ಮಂಜುಳ.

ನಾನು ಶುರು ಮಾಡಿದೆ. “ಸ್ವಾಮಿ, ಹೆತ್ತೋಳು ಇವಳು, ಹಾಲು ಕುಡಿಸಿದೋಳು ಇವಳು. ಆ ಅತ್ತೆ ಬಾಣಂತಿಗೆ ಒಂದು ಚೊಂಬು ಬಿಸಿನೀರು ಕಾಯಿಸಿ ಕೊಟ್ಟೋಳಲ್ಲ. ಅವಳ ತಮ್ಮ ದಿನಾ ಕುಡ್ದು ಬಂದು ಬೀದೀಲಿ ಕೂಗಾಡ್ತಾನೆ, ಆ ಮನೇಲಿ ಹೆಣ್ಮಗು ಬೆಳೀಬೇಕಾ ಅಂತ ಕೇಳ್ತಿದಾಳೆ ಸ್ವಾಮಿ.”

ಜಡ್ಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮ್ಮ ಮಗಳು ಎದೆ ಮುಟ್ಟಿಕೊಂಡಳು. ಅದರಲ್ಲಿ ಅತ್ತೆಯ ತಮ್ಮ ಎಲ್ಲಿಂದ ಬಂದನಮ್ಮ?”

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. “ಅವಳ ಮನಸ್ಸಲ್ಲಿ ಇರೋದು ನನಗೆ ಗೊತ್ತು ಸ್ವಾಮಿ” ಎಂದೆ.

“ಅದೇ ತೊಂದರೆ” ಎಂದರು ಜಡ್ಜು. ಆ ಕಡೆಯ ವಕೀಲರು ಎದ್ದು, ಈಕೆ ದುಭಾಷಿಯಲ್ಲ, ಎರಡನೇ ವಕೀಲೆ ಎಂದರು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ಆದರೆ ರತ್ನ ನನ್ನ ಮುಖ ನೋಡುತ್ತ ನಿಂತಿದ್ದಳು. ಜನ ಯಾಕೆ ನಕ್ಕರೆಂದು ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕೋರ್ಟಿನಿಂದ ಶಾಲೆಗೆ ಪತ್ರ ಹೋಗಿ ಸುಲೋಚನಾ ಟೀಚರ್ ಬಂದದ್ದು ಹೀಗೆ. ಸಾಕ್ಷಿ ಹೇಳುವ ಮೊದಲು ರತ್ನಳ ಸನ್ನೆ ಕಲಿಯಬೇಕು ಎಂದು ಜಡ್ಜರ ಒಪ್ಪಿಗೆ ಪಡೆದು ಒಂದು ಭಾನುವಾರ ಬಸ್ಸು ಹತ್ತಿ ಕಾಗದನಗರಕ್ಕೆ ಬಂದರು. ನಾನು ಕಾಫಿ ಇಟ್ಟೆ. ಬೇಡವೆಂದರು. ಅವಲಕ್ಕಿ ಕಲಸಿದೆ. ಅದೂ ಬೇಡ. ಒಂದು ಲೋಟ ನೀರು ಮಾತ್ರ ಕುಡಿದರು.

“ನಮ್ಮ ಮನೇಲಿ ಕಾಫಿ ಕುಡಿದ್ರೆ ಮೈಲಿಗೆನಾ?” ಎಂದು ಕೇಳಿಯೇಬಿಟ್ಟೆ.

“ಕೇಸ್ ಮುಗಿದ ಮೇಲೆ ಹೋಳಿಗೆ ಹಾಕಿ, ಎಷ್ಟು ತಿಂತೀನಿ ನೋಡಿ. ಈಗ ನಾನು ನಿಮ್ಮ ಕಡೆಯವಳಲ್ಲ, ಅವರ ಕಡೆಯವಳೂ ಅಲ್ಲ” ಎಂದರು. ನನ್ನ ಮಗಳ ಪರವಾಗಿ ಬಂದವಳು ನಮ್ಮ ಕಡೆಯವಳಲ್ಲವಂತೆ. ಆ ಅವಲಕ್ಕಿಯನ್ನು ಸಿಟ್ಟಿಗೆ ನಾನೇ ತಿಂದೆ.

ಅಡುಗೆಮನೆಯಲ್ಲಿ ರತ್ನಳ ಜೊತೆ ನೆಲದ ಮೇಲೆ ಕೂತರು. ಕೇಸಿನ ಮಾತೆತ್ತಲಿಲ್ಲ. ಸೌಟು ತೋರಿಸಿ, ಒಲೆ ತೋರಿಸಿ, ಬೆಕ್ಕು ತೋರಿಸಿ ಇದಕ್ಕೇನು, ಅದಕ್ಕೇನು ಎಂದು ಕೇಳಿ ಕೇಳಿ ತಾವೂ ಮಾಡಿದರು. ಮೂಗು ಮುಚ್ಚಿಕೊಂಡರೆ ಭದ್ರಾವತಿ, ಯಾಕೆಂದರೆ ಮಿಲ್ಲಿನ ವಾಸನೆ. ಎರಡು ಬೆರಳು ಮೂಗುತಿಯ ಜಾಗದಲ್ಲಿ ತಿರುಗಿಸಿದರೆ ಅತ್ತೆ. ಕಣ್ಣಿಗೆ ಕೈ ಅಡ್ಡ ಹಿಡಿದರೆ ಗಂಡ, ವೆಲ್ಡರ್ ಅಲ್ಲವೇ. ತೋರುಬೆರಳು ಜೋರಾಗಿ ಅಲ್ಲಾಡಿಸಿದರೆ ನಾನು.

“ನಿಮ್ಮನ್ನ ಸರಿಯಾಗೇ ಹಿಡಿದಿದಾಳೆ ಗಿರಿಜಮ್ಮ” ಎಂದು ಟೀಚರ್ ನಕ್ಕರು.

ಹೊರಡುವಾಗ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿದೆ. ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದೆ. ಮಗು ತೆವಳುತ್ತಿದ್ದಾಗ ಒಮ್ಮೆ ನಮ್ಮ ಮನೆಯಲ್ಲಿ ಗಂಜಿ ಪಾತ್ರೆ ಎಳೆದುಕೊಂಡು ಪಾದ ಸುಟ್ಟುಕೊಂಡಿತ್ತು. ರತ್ನ ಬೆನ್ನು ಹಾಕಿ ಬಟ್ಟೆ ಹಿಂಡುತ್ತಿದ್ದಳು. ಅತ್ತದ್ದು ಗೊತ್ತಾಗಲಿಲ್ಲ, ತಿರುಗಿ ನೋಡಿದಾಗಲೇ ಗೊತ್ತಾಗಿದ್ದು. ಇದು ನಮ್ಮ ಮನೆಯವರಿಗೆ ಮತ್ತು ತೀರಿಹೋದ ಅಳಿಯನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. “ಅವಳು ಬುದ್ಧಿ ಇಲ್ದೆ ಇದನ್ನ ಹೇಳಿಬಿಟ್ರೆ ನೀವು ನುಂಗಿಬಿಡಿ ಟೀಚರಮ್ಮ” ಎಂದೆ.

ಅವರ ಮುಖದ ಆಟವೆಲ್ಲ ನಿಂತಿತು. “ನೀವು ಇದನ್ನ ನನಗೆ ಹೇಳ್ಬಾರ್ದಿತ್ತು. ನಾನು ಕೇಳ್ಲಿಲ್ಲ ಅಂದ್ಕೊಳ್ತೀನಿ. ಅವಳ ಕೈಯಲ್ಲಿ ಬಂದದ್ದು ನನ್ನ ಬಾಯಲ್ಲಿ ಬರುತ್ತೆ ಗಿರಿಜಮ್ಮ. ಸೇರ್ಸಲ್ಲ, ಬಿಡಲ್ಲ. ಬೇಕಾದ್ದು ಮಾತ್ರ ಹೇಳೋದಾದ್ರೆ ಕೋರ್ಟಲ್ಲಿ ನನ್ನ ಹತ್ರ ಪ್ರಮಾಣ ಯಾಕೆ ಮಾಡಿಸ್ತಾರೆ?”

ಈ ಹೆಂಗಸನ್ನು ನಂಬಿ ಕೂತರೆ ಆಗದು ಎಂದುಕೊಂಡು ರತ್ನಳಿಗೆ ನಾನೇ ಸನ್ನೆ ಮಾಡಿ ಹೇಳಿದೆ. ಗಂಜಿ ವಿಷಯ ಬೇಡ. ಮಲಗುವಾಗ ಮಗುವಿನ ಕಾಲಿಗೆ ಬಟ್ಟೆ ಕಟ್ಟುತ್ತೀಯಲ್ಲ, ಅದೂ ಬೇಡ. ಅವಳು ತಲೆಯಾಡಿಸಿದಳು. ಒಪ್ಪಿದಳೆಂದುಕೊಂಡೆ.

ಆಮೇಲೆ ಆ ಬಳೆ ತೆಗೆದ ದಿನ ಬಂತು. ಒಳಗೆ ಹೋದ ಕೂಡಲೇ ಟೀಚರ್ ಎಲ್ಲಿ ನಿಲ್ಲಬೇಕೆಂದು ಹುಡುಕಿದರು. ಅವರಿಗೆ ತೋರಿಸಿದ ಜಾಗದ ಹಿಂದೆಯೇ ಕಿಟಕಿ. “ಸ್ವಾಮಿ, ಬೆಳಕು ನನ್ನ ಬೆನ್ನಿಗೆ ಬಿದ್ರೆ ಸಾಕ್ಷಿಗೆ ನನ್ನ ಮುಖ ಕರ್ರಗೆ ಕಾಣುತ್ತೆ. ಈ ಕಡೆ ನಿಲ್ತೀನಿ” ಎಂದು ಜಡ್ಜರ ಅಪ್ಪಣೆ ಕೇಳಿ ಈಚೆ ಬಂದರು. ಒಬ್ಬೊಬ್ಬರೇ ಮಾತಾಡಬೇಕು, ತಮ್ಮ ಕೈ ನಿಂತ ಮೇಲೆ ಮುಂದಿನ ಪ್ರಶ್ನೆ ಕೇಳಬೇಕು ಎಂದರು. ಮೊದಲು ಅವರ ಪ್ರಮಾಣ, ಆಮೇಲೆ ರತ್ನಳ ಪ್ರಮಾಣ. ದೇವರ ಹೆಸರು ಬಂದಾಗ ರತ್ನ ಕೈ ಮುಗಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ನಮ್ಮ ವಕೀಲರು ಕೇಳಿದ್ದಕ್ಕೆ ರತ್ನ ಉತ್ತರ ಕೊಟ್ಟಳು. ಟೀಚರ್ ಅವಳು ಹೀಗೆ ಹೇಳುತ್ತಾಳೆ, ಹಾಗೆ ಹೇಳುತ್ತಾಳೆ ಎನ್ನಲಿಲ್ಲ. “ನನ್ನ ಗಂಡ ಕಾಮಾಲೆ ಬಂದು ತೀರಿಕೊಂಡರು. ನನ್ನ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡರು” ಎಂದೇ ಹೇಳಿದರು. ನನ್ನ ಪಕ್ಕ ಬೇರೆ ಯಾವುದೋ ಕೇಸಿಗೆ ಬಂದ ಮುದುಕರೊಬ್ಬರು ಕೂತಿದ್ದರು. ಬರಿಗೈಯ ಟೀಚರನ್ನು ನೋಡಿ, “ಅಯ್ಯೋ ಪಾಪ, ಇಷ್ಟು ಸಣ್ಣ ವಯಸ್ಸಿಗೇ. ಓದಿರೋ ಹೆಂಗ್ಸಿಗೂ ಮಗು ಕೊಡ್ತಿಲ್ವಂತಲ್ಲಮ್ಮ” ಎಂದರು. ಬಿಡಿಸಿ ಹೇಳುವ ವ್ಯವಧಾನ ನನಗಿರಲಿಲ್ಲ. ಹೂಂ ಎಂದೆ.

ಆ ಕಡೆಯ ವಕೀಲರು ಎದ್ದರು. “ಮಗುವಿನ ಅಳು ನಿಮಗೆ ಕೇಳಿಸುವುದಿಲ್ಲವೆಂಬುದನ್ನು ನೀವು ಅಲ್ಲಗಳೆಯುವುದಿಲ್ಲ ಎಂದರೆ ಅದು ಸುಳ್ಳಲ್ಲ ತಾನೆ?”

ಟೀಚರ ಕೈ ಮೇಲೇಳಲಿಲ್ಲ. “ಸ್ವಾಮಿ, ಈ ಪ್ರಶ್ನೆಗೆ ಕೈ ಇಲ್ಲ. ಬಿಡಿಸಿ ಒಂದೊಂದಾಗಿ ಕೇಳಿದ್ರೆ ಹೇಳ್ತೀನಿ.”

“ಪ್ರಶ್ನೆ ನನಗೂ ಅರ್ಥವಾಗಲಿಲ್ಲ. ಬಿಡಿಸಿ ಕೇಳಿ” ಎಂದರು ಜಡ್ಜು.

ವಕೀಲರಿಗೆ ಮುಖಭಂಗವಾಯಿತು. ಪಕ್ಕದ ಜೂನಿಯರ್ ಕಡೆ ಬಗ್ಗಿ ಮೆಲ್ಲಗೆ, “ಒಳ್ಳೇ ನಾಟಕ” ಎಂದರು. ಮೆಲ್ಲಗೆ ಎಂದರೂ ನಮಗೆಲ್ಲ ಕೇಳಿಸಿತು. ಟೀಚರ ಕೈ ಆಡಿತು. ರತ್ನ ಅದನ್ನು ನೋಡಿ ವಕೀಲರ ಕಡೆ ತಿರುಗಿ ಕೈ ಆಡಿಸಿದಳು. “ನಾಟಕ ಅಲ್ಲ. ನನ್ನ ಮಗಳು” ಎಂದರು ಟೀಚರ್, ರತ್ನಳ ಪರವಾಗಿ, ಗಟ್ಟಿಯಾಗಿ.

“ನಾನು ಅದನ್ನು ಸಾಕ್ಷಿಗೆ ಹೇಳಿದ್ದಲ್ಲ” ಎಂದು ವಕೀಲರು ರೇಗಿದರು.

“ಕಿವಿ ಇದ್ದವರಿಗೆಲ್ಲ ಕೇಳಿಸ್ತು ಸ್ವಾಮಿ” ಎಂದು ಟೀಚರ್ ಜಡ್ಜರಿಗೆ ಹೇಳಿದರು. “ಇವಳಿಗೂ ಗೊತ್ತಾಗ್ಬೇಕಲ್ಲ.”

ನನಗೆ ಎದೆ ಉಬ್ಬಿತು. ಹೆಂಗಸು ನಮ್ಮ ಕಡೆಯವಳೇ ಎಂದುಕೊಂಡೆ. ಅಷ್ಟರಲ್ಲಿ ಆ ವಕೀಲರು ಬಿಡಿಸಿ ಕೇಳಿದರು. ನಿಮಗೆ ಕೇಳಿಸದೆ ಮಗುವಿಗೆ ಎಂದಾದರೂ ಪೆಟ್ಟಾಗಿದೆಯೇ?

ರತ್ನ ನನ್ನ ಕಡೆ ನೋಡಲಿಲ್ಲ. ಪಾತ್ರೆ ತೋರಿಸಿದಳು, ಗಂಜಿ ತೋರಿಸಿದಳು, ಪಾದ ಮುಟ್ಟಿದಳು, ಬಟ್ಟೆ ಹಿಂಡುವುದನ್ನು ತೋರಿಸಿದಳು, ತನ್ನ ಕಿವಿ ಮುಟ್ಟಿ ಕೈ ಬೀಸಿದಳು, ಬೆನ್ನು ತಿರುಗಿಸಿ ತೋರಿಸಿ ಇನ್ನಿಲ್ಲವೆಂದು ತಲೆಯಾಡಿಸಿದಳು. ನಾನು ಎದ್ದು ನಿಂತೆ. ಜವಾನ ಕೂರಲು ಹೇಳಿದ. ಟೀಚರ್ ಒಂದನ್ನೂ ಬಿಡಲಿಲ್ಲ. “ಹೌದು. ಒಂದು ಸಲ ಬಿಸಿ ಗಂಜಿ ಬಿದ್ದು ಪಾದ ಸುಟ್ಟಿತು. ನಾನು ಬೆನ್ನು ಹಾಕಿ ಬಟ್ಟೆ ಹಿಂಡುತ್ತಿದ್ದೆ. ಅತ್ತದ್ದು ನನಗೆ ಕೇಳಿಸಲಿಲ್ಲ. ತಿರುಗಿದಾಗ ನೋಡಿದೆ. ಆವತ್ತಿನಿಂದ ಮಗುವಿಗೆ ಬೆನ್ನು ಹಾಕಿ ಕೆಲಸ ಮಾಡುವುದಿಲ್ಲ.”

ಆ ವಕೀಲರ ಮುಖ ಅರಳಿತು. “ಮಲಗಿದಾಗ? ನಿದ್ದೆಯಲ್ಲಿ ಮಗು ಎದ್ದು ಹೋದರೆ ಏನು ಮಾಡುತ್ತೀರಿ?”

“ನನ್ನ ಕೈಗೂ ಮಗುವಿನ ಕಾಲಿಗೂ ಬಟ್ಟೆ ಕಟ್ಟಿಕೊಂಡು ಮಲಗುತ್ತೇನೆ.”

“ಕರುವನ್ನು ಕಟ್ಟುವ ಹಾಗೆ?”

ನಾನು ಹೆದರಿದ್ದು ಈ ಮಾತಿಗೇ. ಟೀಚರ್ ಕರುವನ್ನೂ ಬಿಡಲಿಲ್ಲ, ಕೊಂಬನ್ನೂ ಹಗ್ಗವನ್ನೂ ಕೈಯಲ್ಲಿ ತೋರಿಸಿದರು. ರತ್ನ ಅಲ್ಲವೆಂದು ತಲೆಯಾಡಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ಹಳೇ ಸೀರೆಯ ಪಟ್ಟಿಯೊಂದನ್ನು ಎಳೆದಳು. ಮಗುವನ್ನು ಕಿತ್ತುಕೊಂಡ ಮೇಲೂ ಅದನ್ನು ಸೊಂಟದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಳೆಂದು ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ಹೇಗೆ ಕಟ್ಟುತ್ತೀರಿ, ತೋರಿಸಿ ಎಂದರು ಜಡ್ಜು. ರತ್ನ ಟೀಚರ ಕೈ ಹಿಡಿದಳು.

ಟೀಚರ್ ಕೈ ಹಿಂದಕ್ಕೆ ತೆಗೆದುಕೊಂಡರು. “ನನ್ನ ಕೈ ಕಟ್ಟಿದ್ರೆ ಇವಳ ಬಾಯಿ ಕಟ್ಟಿದ ಹಾಗೆ ಸ್ವಾಮಿ. ಬೇರೆ ಯಾರದಾದ್ರೂ ಕೈ ಕೊಡಿಸಿ.”

ಜವಾನನನ್ನು ಕರೆದರು. ಅವನು ಹಲ್ಲು ಕಿಸಿಯುತ್ತ ಬಂದು ಕೈ ನೀಡಿದ. ರತ್ನ ಪಟ್ಟಿಯ ಒಂದು ತುದಿಯನ್ನು ಅವನ ಮಣಿಕಟ್ಟಿಗೆ ಸಡಿಲವಾಗಿ ಸುತ್ತಿ, ಇನ್ನೊಂದನ್ನು ತನ್ನ ಕೈಗೆ ಸುತ್ತಿಕೊಂಡು, ಕಣ್ಣು ಮುಚ್ಚಿ ಅವನಿಗೆ ಬೆನ್ನು ತಿರುಗಿಸಿ ನಿಂತಳು. ಆ ಜವಾನ ಕಿಲಾಡಿ. ಕಂಬದ ಹಾಗೆ ನಿಂತ. ಬಹಳ ಹೊತ್ತಾದ ಮೇಲೆ ಕಂಡೂ ಕಾಣದ ಹಾಗೆ ಮಣಿಕಟ್ಟನ್ನು ಒಂದು ಚೂರು ತಿರುಗಿಸಿದ.

ರತ್ನ ತಕ್ಷಣ ತಿರುಗಿದಳು. ತಿರುಗಿದ್ದಷ್ಟೇ ಅಲ್ಲ, ಅವಳ ಕೈ ತಾನಾಗಿಯೇ ಹೋಗಿ ಆ ಮೀಸೆ ಹೊತ್ತ ಗಂಡಸಿನ ಎದೆಯನ್ನು ತಟ್ಟಿತು, ಮಗುವನ್ನು ಮತ್ತೆ ಮಲಗಿಸುವಾಗ ತಟ್ಟುತ್ತೇವಲ್ಲ, ಹಾಗೆ. ಕಣ್ಣು ಬಿಟ್ಟು ನೋಡಿ ನಾಚಿ ಕೈ ಎಳೆದುಕೊಂಡಳು. ಜವಾನ ತಲೆ ತಗ್ಗಿಸಿದ. ಈ ಸಲ ಯಾರೂ ನಗಲಿಲ್ಲ. ಜಡ್ಜು ಟೈಪ್ ಮಾಡುವವರಿಗೆ ಅದನ್ನೆಲ್ಲ ಬರೆಸಿದರು, ತಟ್ಟಿದ್ದನ್ನೂ ಬರೆಸಿದರು.

ನನಗೆ ಆಗ ಅದಾವುದೂ ತಲೆಗೆ ಹೋಗಲಿಲ್ಲ. ಗಂಜಿಯೊಂದೇ ತಲೆಯಲ್ಲಿತ್ತು. ಜಗಲಿಗೆ ಬಂದ ಕೂಡಲೇ ಟೀಚರ ಮೇಲೆ ಹರಿಹಾಯ್ದೆ. “ನಿಮ್ಮ ದೆಸೆಯಿಂದ ನಮ್ಮ ಮಗು ಹೋಯ್ತು. ಒಂದು ಮಾತು ನುಂಗಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಟೀಚರ್ ಕರ್ಚೀಫು ಬಿಚ್ಚಿ ಬಳೆ ಏರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಹೇಳಿದ್ದು ನಾನಲ್ಲ, ನಿಮ್ಮ ಮಗಳು. ಬೈಯೋದಿದ್ರೆ ಅವಳಿಗೆ ಬೈರಿ. ಬೇಕಾದ್ರೆ ಅದನ್ನೂ ಅವಳಿಗೆ ಸರಿಯಾಗಿ ಹೇಳಿಕೊಡ್ತೀನಿ.”

“ಹೇಳಿ ಹಾಗಾದ್ರೆ. ನಾನು ಬೇಡ ಅಂದದ್ದನ್ನ ಯಾಕೆ ಹೇಳ್ದೆ ಅಂತ ಕೇಳಿ.”

ಅವರು ಏರಿಸಿದ ಬಳೆಯನ್ನು ಮತ್ತೆ ತೆಗೆದು ಕೇಳಿದರು. ರತ್ನ ನನ್ನ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿದಳು. ಅವಳ ಕೈ ಅಷ್ಟು ಹೊತ್ತು ಆಡಿದ್ದನ್ನು ನಾನು ನೋಡಿರಲಿಲ್ಲ. ಟೀಚರ್ ಅವಳ ಮಾತನ್ನೇ ಆಡಿದರು.

“ಅವರು ನನ್ನನ್ನ ಕೇಳಿದ್ರು ಅಮ್ಮ. ಇಷ್ಟು ವರ್ಷ ಯಾರೂ ನನ್ನನ್ನ ಏನೂ ಕೇಳಿರಲಿಲ್ಲ. ಎಲ್ಲಾನೂ ನಿನ್ನನ್ನೇ ಕೇಳ್ತಿದ್ರು.”

ರತ್ನಳಿಂದ ಅಮ್ಮ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ, ಅದೂ ಇನ್ನೊಬ್ಬರ ಬಾಯಿಂದ. ಬಸ್ಸಿಗೆ ಹೊತ್ತಾಯಿತು ನಡಿ ಎಂದೆ.

ತೀರ್ಪು ಬಂತು. ಮಗು ತಾಯಿಯ ಹತ್ತಿರ ಇರಬೇಕು, ಅಜ್ಜಿಯ ಮನೆಯವರು ಭಾನುವಾರ ಬಂದು ನೋಡಬಹುದು. ನಮ್ಮ ವಕೀಲರು ಓದಿ ಹೇಳಿದರು. ತನಗೆ ಕೆಡುಕಾಗುವುದನ್ನೂ ಮುಚ್ಚಿಡದ ಸಾಕ್ಷಿ, ಆದ್ದರಿಂದ ಉಳಿದದ್ದನ್ನೂ ನಂಬಬಹುದು ಎಂದು ಜಡ್ಜು ಬರೆದಿದ್ದರಂತೆ. ಕೋರ್ಟಿನ ಅಂಗಳದಲ್ಲಿ ಮಗುವನ್ನು ಕೆಳಗಿಳಿಸಿದಾಗ ಅದು ನಮ್ಮನ್ನು ಗುರುತು ಹಿಡಿಯದೆ ಅತ್ತೆಯ ಸೀರೆ ಹಿಡಿದುಕೊಂಡಿತು. ರತ್ನ ಕುಕ್ಕರಗಾಲಲ್ಲಿ ಕೂತು ತನ್ನ ಕೆನ್ನೆಯ ಮೇಲೆ ಬೆರಳಿಟ್ಟಳು. ಸ್ವಲ್ಪ ಹೊತ್ತು ನೋಡಿ ಮಗುವೂ ತನ್ನ ಗುಳಿಗೆ ಬೆರಳಿಟ್ಟಿತು. ಅತ್ತೆ ಅತ್ತಳು. ನನಗೆ ಅವಳ ಮೇಲೆ ಸಿಟ್ಟಿತ್ತು, ಆದರೂ ಅವಳ ಮಗ ಸತ್ತಿದ್ದ ಎನ್ನುವುದು ಆಗ ನೆನಪಾಯಿತು.

ಹೇಳಿದ ಹಾಗೆ ಟೀಚರ್ ಹೋಳಿಗೆಗೆ ಬಂದರು. ಕೈ ತುಂಬ ಬಳೆ, ತಲೆ ತುಂಬ ಮಲ್ಲಿಗೆ, ಜರಿ ಸೀರೆ, ಜೊತೆಗೆ ದೋಸೆಯ ಯಜಮಾನರು. ಅವರು ಪೋಸ್ಟ್ ಆಫೀಸಿನಲ್ಲಿದ್ದರು, ಬಹಳ ಮೆತ್ತಗಿನ ಮನುಷ್ಯ. ಹೆಂಡತಿ ತಿನ್ನುವುದನ್ನು ನೋಡಿ ತಾವು ಕಡಿಮೆ ತಿಂದರು. “ನೀವೇ ನಮ್ಮ ಮಗೂನ ಗೆದ್ದು ಕೊಟ್ರಿ” ಎಂದು ನನ್ನ ಗಂಡ ಕೈ ಮುಗಿದರು.

“ನಂದೇನೂ ಇಲ್ಲ” ಎಂದರು ಟೀಚರ್, ತುಪ್ಪಕ್ಕೆ ಎಲೆ ಮುಂದೆ ತಳ್ಳುತ್ತ. “ನೀವು ಸೋತಿದ್ರೂ ನಾನು ಇಷ್ಟೇ ಹೇಳ್ತಿದ್ದೆ. ಆಗ ಹೋಳಿಗೆ ಸಿಗ್ತಿರ್ಲಿಲ್ಲ, ಅಷ್ಟೇ.”

ಆಮೇಲೆ ಅವರು ನಮ್ಮ ಮನೆಗೆ ಬಂದು ಹೋಗುವವರಾದರು. ರತ್ನಳಿಗೆ ಶಾಲೆಯ ಸನ್ನೆ ಕಲಿಸಿದರು. ಮಂಜುಳ ನಡುವೆ ಕೂತು ತಾನೂ ಕಲಿತಳು. ಒಂದು ರಜೆಯಲ್ಲಿ ಎಲ್ಲರೂ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋದೆವು. ಜಾಲರಿ ಹಾಕಿದ ಬಸ್ಸಿನ ಹತ್ತಿರವೇ ಸಿಂಹ ಗುಡುಗಿತು. ನಾವೆಲ್ಲ ಬೆಚ್ಚಿದೆವು, ರತ್ನ ಬಸ್ಸಿನ ತಗಡಿಗೆ ಅಂಗೈ ಒತ್ತಿ ಹಿಡಿದು ನಕ್ಕಳು. ನಮ್ಮ ಹಿಂದಿನ ಸೀಟಿನವಳು ಟೀಚರನ್ನು, “ಆ ಮೂಗಿ ಯಾಕೆ ನಗ್ತಾಳೆ, ಕೇಳಿ ಹೇಳ್ರಿ” ಎಂದಳು. “ಅವಳಿಗೆ ಹೆಸರಿದೆ. ಮತ್ತೆ ನನಗೆ ಇವತ್ತು ರಜ” ಎಂದು ಟೀಚರ್ ಮೊಣಕೈವರೆಗೂ ಏರಿಸಿದ್ದ ಬಳೆಯನ್ನು ಝಲ್ಲೆನಿಸಿ ತೋರಿಸಿ, ಕಡಲೆಕಾಯಿ ಸುಲಿಯುತ್ತ ಕೂತರು. ರತ್ನ ಅವರಿಗೆ ಸನ್ನೆಯಲ್ಲಿ ಹೆಸರಿಟ್ಟಿದ್ದೂ ಬಳೆಯಿಂದಲೇ. ಮಣಿಕಟ್ಟಿನಿಂದ ಬಳೆ ಜಾರಿಸುವ ಹಾಗೆ ಕೈ ಎಳೆದರೆ ಸುಲೋಚನಾ ಟೀಚರ್. ಅದು ಅಪಶಕುನ, ಬೇರೆ ಹೆಸರಿಡೇ ಎಂದು ನಾನು ಎಷ್ಟು ಸಲ ಬೈದೆನೋ. ಟೀಚರಿಗೆ ಆ ಹೆಸರೇ ಇಷ್ಟವಾಗಿತ್ತು.

ಮಂಜುಳ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಟೀಚರ್ ತೀರಿಕೊಂಡರು. ಹೃದಯದ ತೊಂದರೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದರಂತೆ. ಮಂದಿಯ ಮಾತನ್ನೆಲ್ಲ ಬಿಡದೆ ಹೇಳಿದ ಹೆಂಗಸು ತನ್ನದನ್ನು ನುಂಗಿಕೊಂಡಿದ್ದರು. ಮೊದಲ ಬಸ್ಸಿಗೆ ನಾನು, ರತ್ನ, ಮಂಜುಳ ಮೂವರೂ ಹೋದೆವು.

ಹಜಾರದಲ್ಲಿ ಮಲಗಿಸಿದ್ದರು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೆಂಗಸರು ಹಸಿರು ಸೀರೆ ಉಡಿಸಿ, ಅರಿಸಿನ ಕುಂಕುಮ ಬಳಿದು, ಹೂವು ಮುಡಿಸಿದ್ದರು. ಎರಡೂ ಕೈಗೆ ಹಸಿರು ಬಳೆ, ಜಾಗ ಇರುವಷ್ಟೂ ಏರಿಸಿದ್ದರು. ಅವರ ಶಾಲೆಯ ಮಕ್ಕಳು ಗೋಡೆಗುಂಟ ನಿಂತಿದ್ದರು. ಅಷ್ಟು ಮಕ್ಕಳಿದ್ದರೂ ಸದ್ದಿಲ್ಲ, ಕೈಗಳು ಮಾತ್ರ ಆಡುತ್ತಿದ್ದವು.

ರತ್ನ ಹತ್ತಿರ ಹೋಗಿ ಕೂತಳು. ಅಳಲಿಲ್ಲ. ಆ ಕೈಗಳನ್ನೇ ಬಹಳ ಹೊತ್ತು ನೋಡಿ, ಆಮೇಲೆ ನನ್ನ ಕಡೆ ತಿರುಗಿ ಸನ್ನೆ ಮಾಡಿದಳು. ಬಳೆ ತೋರಿಸಿದಳು, ಕೈಗಳನ್ನು ಗಾಳಿಯಲ್ಲಿ ಆಡಿಸಿ, ಅಂಗೈ ಮೇಲೆ ಮಾಡಿ ತಲೆ ಅಡ್ಡಡ್ಡ ಆಡಿಸಿದಳು. ಸುತ್ತ ಕೂತ ಹೆಂಗಸರಿಗೆ ಕುತೂಹಲ. ಟೀಚರ ಯಜಮಾನರು ಮೂಲೆಯ ಕುರ್ಚಿಯಲ್ಲಿದ್ದರು. “ಏನಂತಾಳೆ ರತ್ನ?” ಎಂದು ಕೇಳಿದರು.

ದೇವರು ಒಳ್ಳೇದು ಮಾಡಲಿ ಅಂತಾಳೆ ಎಂದು ಹೇಳಬಹುದಿತ್ತು. ಸಾವಿನ ಮನೆ, ಯಾರೂ ಬೇಡವೆನ್ನುತ್ತಿರಲಿಲ್ಲ. ಬಾಯಲ್ಲಿ ಎಲೆ ಅಡಿಕೆ ಇತ್ತು. ಎದ್ದು ಹೊರಗೆ ಹೋಗಿ ಉಗಿದು ಬಂದೆ. ಆಮೇಲೆ ರತ್ನ ಹೇಳಿದ್ದನ್ನು, ಅವಳು ಹೇಳಿದಷ್ಟನ್ನೇ ಹೇಳಿದೆ.

“ಇಷ್ಟೊಂದು ಬಳೆ ಹಾಕಿದೀರಿ. ಇವರು ಹೆಂಗೆ ಮಾತಾಡ್ಬೇಕು?”

ಹೆಂಗಸರು ನನ್ನನ್ನು ದುರುಗುಟ್ಟಿ ನೋಡಿದರು. ಯಜಮಾನರು ಎದ್ದು ಬಂದು ಹೆಂಡತಿಯ ಕೈಗಳನ್ನು ನೋಡುತ್ತ ನಿಂತರು.

“ಹೌದಲ್ಲ” ಎಂದರು.